ಹಳದಿ ವ್ಯಾನು, ಹಾಲಿನ ಲೋಟ



ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿಲ್ಲ. ಭದ್ರಾವತಿಯ ಬಿ.ಎಚ್. ರಸ್ತೆಯ ಬದಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಹತ್ತು ನಿಮಿಷ ನಿಂತರೆ ಕಣ್ಣೆದುರು ಹಳದಿ ವ್ಯಾನುಗಳ ಭರಾಟೆ. ಕಿಟಕಿಯಿಂದ ಇಣುಕುವ ಟೈ, ಐಡಿ ಕಾರ್ಡು, ನಿದ್ದೆ ತಿಳಿಯದ ಕಣ್ಣು. ಒಂದೂವರೆ ಗಂಟೆ ಕಳೆದ ಮೇಲೆ ಅದೇ ರಸ್ತೆಯಲ್ಲಿ ಇನ್ನೊಂದು ಮೆರವಣಿಗೆ ಹೊರಡುತ್ತದೆ. ಅಕ್ಕ ತಮ್ಮನ ಕೈ ಹಿಡಿದಿದ್ದಾಳೆ, ತಮ್ಮನ ಬೆನ್ನಿನ ಚೀಲ ಅವನಿಗಿಂತ ದೊಡ್ಡದು, ಇಬ್ಬರೂ ನಡೆದೇ ಹೋಗುತ್ತಿದ್ದಾರೆ. ಮೊದಲಿನವರೂ ಇವರೂ ಒಂದೇ ಓಣಿಯ ಮಕ್ಕಳು. ಸಂಜೆ ಒಂದೇ ಬಯಲಿನಲ್ಲಿ ಕ್ರಿಕೆಟ್ ಆಡುವವರು. ಬೆಳಗಿನ ಹೊತ್ತು ಮಾತ್ರ ಇವರ ದಾರಿ ಬೇರೆಯಾಗುತ್ತದೆ.

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಈ ರಸ್ತೆ ಭದ್ರಾವತಿಯನ್ನೂ ಶಿವಮೊಗ್ಗವನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಎರಡು ಊರುಗಳ ನಡುವೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಅಂತರ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ. 80.45, ರಾಜ್ಯದ್ದು ಶೇ. 75.36. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಶಿವಮೊಗ್ಗ 2024ರಲ್ಲಿ ರಾಜ್ಯಕ್ಕೆ ಮೂರನೆಯದು, 2025ರಲ್ಲಿ ನಾಲ್ಕನೆಯದು. ಅಂದರೆ ಇದು ಶಿಕ್ಷಣದಲ್ಲಿ ಹಿಂದುಳಿದ ಸೀಮೆಯಲ್ಲ. ಆದ್ದರಿಂದಲೇ ಇಲ್ಲಿನ ಸರ್ಕಾರಿ ಶಾಲೆಯ ಕಥೆಯನ್ನು ಕೇಳಬೇಕು. ಚೆನ್ನಾಗಿದೆ ಎನ್ನುವ ಕಡೆಯೇ ಈ ಎರಡು ಮೆರವಣಿಗೆ ಇದೆಯೆಂದರೆ ಉಳಿದ ಕಡೆಯದನ್ನು ಊಹಿಸಿಕೊಳ್ಳಬಹುದು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದಾಗ ಅದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಊರಿನವರಿಗೆ ಅವರು ಕಾರ್ಖಾನೆಯ ವಿಶ್ವೇಶ್ವರಯ್ಯ. ಆದರೆ ಕಾರ್ಖಾನೆಗೆ ಹತ್ತು ವರ್ಷ ಮೊದಲೇ, ಮೈಸೂರಿನ ದಿವಾನರಾಗಿದ್ದಾಗ, ಅವರು ಇನ್ನೊಂದು ಒಲೆ ಹೊತ್ತಿಸಿದ್ದರು. ಗೋಪಾಲಕೃಷ್ಣ ಗೋಖಲೆಯವರ ಕಡ್ಡಾಯ ಶಿಕ್ಷಣದ ಮಸೂದೆ ಬ್ರಿಟಿಷರ ಶಾಸನಸಭೆಯಲ್ಲಿ 1912ರಲ್ಲಿ ಬಿದ್ದುಹೋಗಿತ್ತು. ಮರುವರ್ಷವೇ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದಿತು. ಆಯ್ದ ಊರುಗಳಲ್ಲಿ, ಅದೂ ಗಂಡುಮಕ್ಕಳಿಗೆ ಮಾತ್ರ ಕಡ್ಡಾಯ. ಇಂದಿನ ಕಣ್ಣಿಗೆ ಅದು ಅರೆಬರೆ. ಅಂದಿನ ಲೆಕ್ಕಕ್ಕೆ ದೊಡ್ಡ ಹೆಜ್ಜೆ. ಮಗುವನ್ನು ಶಾಲೆಗೆ ಕಳಿಸುವುದು ಅಪ್ಪನ ಮರ್ಜಿಯಲ್ಲ, ಸರ್ಕಾರಕ್ಕೂ ಅದರಲ್ಲಿ ಹೊಣೆಯಿದೆ ಎಂಬ ಮಾತು ಈ ನಾಡಿನಲ್ಲಿ ಕಾನೂನಾದದ್ದು ಆಗ.

ಕಾಯಿದೆ ಬಂದ ಮಾತ್ರಕ್ಕೆ ಬಾಗಿಲು ತೆರೆದೀತೇ? ಅಸ್ಪೃಶ್ಯರೆಂದು ಹೊರಗಿಟ್ಟ ಮಕ್ಕಳು ಸಾರ್ವಜನಿಕ ಶಾಲೆಯ ಜಗಲಿಯನ್ನೂ ಹತ್ತುವಂತಿರಲಿಲ್ಲ. ಆ ದಶಕ ಮುಗಿಯುವುದರೊಳಗೆ ಮೈಸೂರು ಸರ್ಕಾರ ತನ್ನ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕು ಎಂದು ಆಜ್ಞೆ ಮಾಡಿತು. ವಿದ್ಯಾ ಇಲಾಖೆಯಲ್ಲಿದ್ದ ಸಿ.ಆರ್. ರೆಡ್ಡಿಯವರ ಹೆಸರನ್ನು ಈ ಕೆಲಸದ ಜೊತೆ ಇಂದಿಗೂ ನೆನೆಯುತ್ತಾರೆ. ಮೇಲುಜಾತಿಯ ಪೋಷಕರಿಂದ ವಿರೋಧ ಬಂತು, ಆಜ್ಞೆ ನಿಂತಿತು. ಅದೇ ಹೊತ್ತಿಗೆ, 1918ರಲ್ಲಿ, ಹಿಂದುಳಿದ ಜಾತಿಗಳಿಗೆ ನೌಕರಿಯಲ್ಲಿ ಪಾಲು ಎಷ್ಟಿರಬೇಕೆಂದು ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ದಿವಾನಗಿರಿ ಬಿಟ್ಟರು. ಎಲ್ಲರೂ ಓದಲಿ, ಮುಂದೆ ಯೋಗ್ಯತೆ ನೋಡಿಕೊಳ್ಳೋಣ ಎಂಬುದು ದಿವಾನರ ನಿಲುವು. ಓದಿ ಬಂದವನಿಗೆ ಕುರ್ಚಿಯೇ ಇಲ್ಲದಿದ್ದರೆ ಅವನ ಮಗ ಏಕೆ ಓದಿಯಾನು ಎಂಬುದು ಮಹಾರಾಜರ ಪ್ರಶ್ನೆ. ನೂರು ವರ್ಷವಾದರೂ ಈ ವಾದ ಮುಗಿದಿಲ್ಲ. ಈ ಒಂದು ವಿಷಯದಲ್ಲಿ ದಿವಾನರಿಗಿಂತ ಮಹಾರಾಜರಿಗೇ ಊರು ಚೆನ್ನಾಗಿ ಗೊತ್ತಿತ್ತು ಎನ್ನಬೇಕು.

ಅಂದು ಜಗಲಿಗೆ ಬರಗೊಡದೆ ಮಕ್ಕಳನ್ನು ಹೊರಗಿಟ್ಟಿದ್ದರು. ಇಂದು ಜಗಲಿ ಎಲ್ಲರದ್ದು, ಆದರೆ ಕೈಯಲ್ಲಿ ನಾಲ್ಕು ಕಾಸಿರುವವರೇ ಅದನ್ನು ಇಳಿದು ವ್ಯಾನು ಹತ್ತಿದ್ದಾರೆ. ಶಾಲೆಯಲ್ಲಿ ಉಳಿದವರು ಹೆಚ್ಚಾಗಿ ಕೂಲಿಕಾರರ, ಹಮಾಲರ, ಮನೆಗೆಲಸದವರ, ಸಣ್ಣ ಹಿಡುವಳಿದಾರರ ಮಕ್ಕಳು. ಅಧಿಕಾರಿಯ ಮಗು ಇದ್ದ ಶಾಲೆಯಲ್ಲಿ ಹೆಂಚು ಸೋರಿದರೆ ಮರುದಿನ ದುರಸ್ತಿ. ಗಾರೆಯವನ ಮಗು ಮಾತ್ರ ಇದ್ದರೆ ದುರಸ್ತಿಗೆ ಒಂದು ಅರ್ಜಿ, ಅರ್ಜಿಗೆ ಒಂದು ನೆನಪೋಲೆ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರಿ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕೆಂಬ ಆದೇಶ ಕೊಟ್ಟದ್ದು ಇದೇ ಲೆಕ್ಕದ ಮೇಲೆ. ಆದೇಶದ ಗತಿ ಏನಾಯಿತೆಂದು ಕೇಳುಗರೇ ಊಹಿಸಿಕೊಳ್ಳಬಹುದು.

ಭದ್ರಾವತಿಯಲ್ಲಿ ಈ ಜಗಲಿಯ ಲೆಕ್ಕ ಇತ್ತೀಚೆಗೆ ಇನ್ನೊಂದು ಮಗ್ಗುಲಿಗೆ ಹೊರಳಿದೆ. ಈ ಊರನ್ನು ಸಾಕಿದ್ದು ಎರಡು ಚಿಮಣಿ. ಒಂದು ಕಬ್ಬಿಣದ್ದು, ಇನ್ನೊಂದು 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯದು. ತಮಿಳು, ತೆಲುಗು, ಮಲಯಾಳಂ, ಉರ್ದು ಮನೆಮಾತಿನವರು ಇಲ್ಲಿಗೆ ಬಂದು ನ್ಯೂಟೌನ್, ಕಾಗದನಗರಗಳ ಕ್ವಾರ್ಟರ್ಸ್‌ಗಳಲ್ಲಿ ನೆಲೆ ನಿಂತದ್ದು ಈ ಚಿಮಣಿಗಳನ್ನು ನಂಬಿ. ನಾಡಿನ ಮಕ್ಕಳು ಬರೆಯುವ ಹಾಳೆಯನ್ನೂ ಪತ್ರಿಕೆಗಳ ಕಾಗದವನ್ನೂ ತಯಾರಿಸುತ್ತಿದ್ದ ಎಂಪಿಎಂ ಉತ್ಪಾದನೆ ನಿಲ್ಲಿಸಿ ಈಗ ಹತ್ತು ವರ್ಷದ ಮಾತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತರು. ಕೆಲಸ ಹೋದ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಎರಡಕ್ಕೆ: ವ್ಯಾನಿನ ಬಾಡಿಗೆ, ಶಾಲೆಯ ಫೀಸು. ವ್ಯಾನು ಇಳಿದ ಮಗು ಹೋಗಬೇಕಾದ್ದು ಓಣಿಯ ಸರ್ಕಾರಿ ಶಾಲೆಗೆ. ಆ ಶಾಲೆ ಆ ಹೊತ್ತಿಗೆ ಬಾಗಿಲು ಹಾಕಿರಬಾರದು. ಸರ್ಕಾರಿ ಶಾಲೆ ಬಡವರಿಗಾಗಿ ಎನ್ನುವವರು ಇದನ್ನು ಮರೆಯುತ್ತಾರೆ. ಅದು ನಾಳೆ ಬಡವರಾಗಬಹುದಾದ ಎಲ್ಲರ ಸಲುವಾಗಿಯೂ ಇದೆ.

ಇನ್ನು ಶಾಲೆಯ ಒಳಗೆ ಹೋಗೋಣ.

ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಲೋಟ ಹಿಡಿದು ಸಾಲು ನಿಲ್ಲುತ್ತಾರೆ. ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲಸಿ ಕಾಯಿಸಿದ ಹಾಲು, ತಲಾ 150 ಮಿಲಿಲೀಟರ್. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಇದು. ಮೊದಲ ಗುಟುಕಿಗೆ ಮೀಸೆ ಮೂಡುತ್ತದೆ, ಪಕ್ಕದವನ ಮೀಸೆ ನೋಡಿ ನಗು. ಬೆಳಿಗ್ಗೆ ತಿಂಡಿ ತಿಂದು ಬಂದವರು ನಿಧಾನವಾಗಿ ಊದಿ ಕುಡಿಯುತ್ತಾರೆ. ತಿನ್ನದೆ ಬಂದವರು ಯಾರೆಂದು ಅಡುಗೆಯವರಿಗೆ ಲೋಟ ಖಾಲಿಯಾಗುವ ವೇಗದಲ್ಲೇ ಗೊತ್ತಾಗುತ್ತದೆ. ಮಧ್ಯಾಹ್ನ ಅನ್ನ, ಸಾಂಬಾರು, ಮೊಟ್ಟೆ ಅಥವಾ ಬಾಳೆಹಣ್ಣು. ಈ ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಆಮೇಲೆ ಎಲ್ಲೆಡೆ ಹಬ್ಬಿತು. ಒಂದೇ ಪಾತ್ರೆಯ ಅನ್ನವನ್ನು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ನಮ್ಮ ಊರುಗಳಲ್ಲಿ ಎಷ್ಟಿವೆ? ಇದಕ್ಕೆ ದುಡ್ಡೆಲ್ಲಿ ಎನ್ನುವವರಿಗೆ ಒಂದು ಮಾತು. ಫಿನ್‌ಲೆಂಡ್ ದೇಶ ತನ್ನ ಶಾಲೆಗಳಲ್ಲಿ ಪುಕ್ಕಟೆ ಊಟ ಕೊಡತೊಡಗಿದ್ದು 1948ರಲ್ಲಿ, ಯುದ್ಧದಿಂದ ಹಣ್ಣಾದ ಹೊತ್ತಿನಲ್ಲಿ. ದುಡ್ಡು ಬಂದ ಮೇಲೆ ಊಟ ಕೊಟ್ಟದ್ದಲ್ಲ.

ಒಂದರಿಂದ ಮೂರನೇ ತರಗತಿಯ ಕೋಣೆಗೆ ಕಾಲಿಟ್ಟರೆ ಬೆಂಚುಗಳಿಲ್ಲ. ಮಕ್ಕಳು ನೆಲದ ಮೇಲೆ ದುಂಡಗೆ ಗುಂಪು ಗುಂಪಾಗಿ ಕೂತಿರುತ್ತಾರೆ. ತಲೆಯ ಮೇಲೆ ಹಗ್ಗದ ಚಪ್ಪರ, ಅದರಲ್ಲಿ ಅವರೇ ಕತ್ತರಿಸಿದ ಎಲೆ, ಮೀನು, ಅಕ್ಷರದ ಚಿತ್ರಗಳು ತೂಗಾಡುತ್ತಿರುತ್ತವೆ. ಗೋಡೆಯ ಮೇಲೆ ಕಲಿಕಾ ಏಣಿ. ಒಂದು ಮೈಲಿಗಲ್ಲು ದಾಟಿದ ಮಗು ತಾನೇ ಎದ್ದು ಮುಂದಿನ ಕಾರ್ಡು ತಂದುಕೊಳ್ಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ ಮೊದಲಾದ ನಲಿ-ಕಲಿ ಇದು. ಅಡಿಕೆ ಕೊಯ್ಲಿಗೆಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು, ಫೇಲಾದೆ ಎನ್ನಿಸಿಕೊಳ್ಳಬೇಕಿಲ್ಲ. ಫೀಸು ಕಟ್ಟಿದ ಕಡೆ ಈ ಸೌಕರ್ಯವಿಲ್ಲ! ಆದರೆ ಗುಂಪಿನಿಂದ ಗುಂಪಿಗೆ ಓಡಾಡಲು ಮೇಷ್ಟರು ಬೇಕು. ಅವರು ಗಣತಿಗೋ ಮತದಾರರ ಪಟ್ಟಿಗೋ ನಿಯೋಜನೆಯ ಮೇಲೆ ಹೋದ ದಿನ ಏಣಿ ಗೋಡೆಯ ಚಿತ್ರವಾಗಿಬಿಡುತ್ತದೆ.

ಮಾತು ನಿಲ್ಲಬೇಕಾದ್ದು ಇಲ್ಲಿಯೇ, ಮೇಷ್ಟರ ಹತ್ತಿರ. ಮಲೆನಾಡಿನ ಹಿರಿಯರು ಎಚ್.ಜಿ. ಗೋವಿಂದೇಗೌಡರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಪಕ್ಕದ ಕೊಪ್ಪದವರು, 1994ರಿಂದ ಐದು ವರ್ಷ ಶಿಕ್ಷಣ ಮಂತ್ರಿ. ಸುಮಾರು ಒಂದು ಲಕ್ಷ ಶಿಕ್ಷಕರನ್ನು ಅಂಕದ ಆಧಾರದ ಮೇಲೆ, ಶಿಫಾರಸು ಲಂಚಗಳ ಹಂಗಿಲ್ಲದೆ ನೇಮಿಸಿದ ಕಾಲ ಅದು. ಕೂಲಿಯವರ ಮನೆಯ ಹುಡುಗಿಯೊಬ್ಬಳು ಕೈಯಿಂದ ಕಾಸು ಬಿಚ್ಚದೆ ಟೀಚರ್ ಆಗಿ ಬಂದದ್ದನ್ನು ಊರವರು ಕಣ್ಣಾರೆ ಕಂಡರು. ಸಮಾನ ಅವಕಾಶದ ಬಗ್ಗೆ ಸಾವಿರ ಭಾಷಣ ಮಾಡಲಾಗದ್ದನ್ನು ಆ ಒಂದು ನೇಮಕದ ಪಟ್ಟಿ ಮಾಡಿತು. ಅಂದು ಸೇರಿದವರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಕುರ್ಚಿಗೆ ಬರುವವರು ಅನೇಕ ಕಡೆ ಅತಿಥಿ ಶಿಕ್ಷಕರು. ಹೆಸರು ಅತಿಥಿ, ಆದರೆ ಮನೆಯ ಯಜಮಾನಿಕೆಯೆಲ್ಲ ಅವರದೇ. ಜೂನಿನಲ್ಲಿ ಬರುತ್ತಾರೆ, ಗೌರವಧನ ತಡವಾಗಿ ಬರುತ್ತದೆ, ಮಾರ್ಚಿಗೆ ಮನೆಗೆ. ಮಗು ಒಬ್ಬ ಟೀಚರನ್ನು ಹಚ್ಚಿಕೊಳ್ಳುವ ಹೊತ್ತಿಗೆ ಟೀಚರೇ ಬದಲು. ಕಂಪ್ಯೂಟರ್ ಲ್ಯಾಬು, ಸ್ಮಾರ್ಟ್ ಬೋರ್ಡು, ಗೋಡೆಗೆ ರೈಲಿನ ಬಣ್ಣ, ಎಲ್ಲವೂ ಇರಲಿ. ಕಾಯಂ ಮೇಷ್ಟರಿಲ್ಲದ ಶಾಲೆಗೆ ಬಳಿದ ಬಣ್ಣ ಬರೀ ಬಣ್ಣ.

ಶಾಲೆಗೆ ಮೊದಲು ಬೇಕಾದ್ದು ಮೇಷ್ಟರು, ಎರಡನೆಯದು ಬಸ್ಸು. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಅಲ್ಲಿಗೆ ಹಕ್ಕು ಮುಗಿಯುತ್ತದೆ, ಓದು ಮುಗಿಯುವುದಿಲ್ಲ. ಹೈಸ್ಕೂಲು ದೂರ, ಕಾಲೇಜು ಇನ್ನೂ ದೂರ. 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಆಗ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ. ಆಮೇಲೆ ಹುಡುಗರಿಗೂ ಬಂತು. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಬೆಲ್ಲು ಹೊಡೆಯುತ್ತ ಹೈಸ್ಕೂಲಿಗೆ ಹೋದ ಆ ನೋಟವನ್ನು ಮರೆತವರಿಲ್ಲ. ಕೋವಿಡ್ಡಿನ ಹೊತ್ತಿಗೆ ಸೈಕಲ್ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ದಿನಾ ಓಡಾಡುವ ಹುಡುಗಿಯರಿಗೆ ಇದು ನಿಜಕ್ಕೂ ವರ. ಆದರೆ ಇಲ್ಲೊಂದು ಮಲೆನಾಡಿನ ತೊಡಕಿದೆ. ನಮ್ಮ ಕಡೆ ಒಳರಸ್ತೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಕೆಂಪು ಬಸ್ಸೇ ಬಾರದ ಊರಿನ ಹುಡುಗಿಗೆ ಪುಕ್ಕಟೆ ಟಿಕೆಟ್ಟಿನ ಹಕ್ಕಿದೆ, ಹತ್ತಲು ಬಸ್ಸಿಲ್ಲ. ಶಿಕ್ಷಣ ಇಲಾಖೆಯೂ ಸಾರಿಗೆ ಇಲಾಖೆಯೂ ಒಂದೇ ಮೇಜಿನ ಮುಂದೆ ಕೂತರೆ ಒಂದು ಮಧ್ಯಾಹ್ನದಲ್ಲಿ ಬಗೆಹರಿಯುವ ಮಾತು ಇದು.

ಬಸ್ಸಿನ ಲೆಕ್ಕಕ್ಕೂ ಸಿಗದ ಮಕ್ಕಳಿದ್ದಾರೆ. ದೀಪಾವಳಿಯ ಆಚೀಚೆ ಅಡಿಕೆ ಸುಲಿಯುವ ಕಾಲ. ಬಯಲುಸೀಮೆಯಿಂದ ಸಂಸಾರ ಸಮೇತ ಬರುವ ಕೂಲಿಯವರು ತೋಟದ ಕೊಟ್ಟಿಗೆಗಳಲ್ಲಿ, ಶೆಡ್ಡುಗಳಲ್ಲಿ ಇಳಿದುಕೊಳ್ಳುತ್ತಾರೆ. ರಾತ್ರಿ ಬಲ್ಬಿನ ಕೆಳಗೆ ಸಾಲಾಗಿ ಮೆಟ್ಟುಗತ್ತಿ, ಅದರ ಮುಂದೆ ಹೆಂಗಸರು. ಕತ್ತಿಯಿಂದ ಮಾರುದೂರ, ಸಿಪ್ಪೆಯ ಗುಡ್ಡೆಯ ಪಕ್ಕ ಮಲಗಿದ ಮಕ್ಕಳು. ಅಮ್ಮನ ಬೆರಳುಗಳು ಅಡಿಕೆಯ ಕರೆಗೆ ಕಪ್ಪಾಗಿರುತ್ತವೆ, ಎಂಟು ಹತ್ತು ವರ್ಷದ ಮಗುವಿನ ಬೆರಳೂ ಕಪ್ಪಾಗಿದ್ದರೆ ಅದು ಏನು ಮಾಡುತ್ತಿದೆಯೆಂದು ಕೇಳಬೇಕಿಲ್ಲ. ಅದರ ಹೆಸರು ತನ್ನೂರಿನ ಶಾಲೆಯ ಹಾಜರಿಯಲ್ಲಿದೆ, ಮಗು ಇಲ್ಲಿದೆ. ಇಲ್ಲಿನ ಶಾಲೆಯ ಹಾಜರಿಯಲ್ಲಿ ಇಲ್ಲ. ಕಾನೂನು ಮಾತ್ರ ಸ್ಪಷ್ಟ. ವರ್ಷದ ಯಾವ ದಿನ ಬಂದರೂ, ಟಿ.ಸಿ. ಇಲ್ಲದೆ ಬಂದರೂ, ಮಗುವನ್ನು ಸೇರಿಸಿಕೊಳ್ಳಲೇಬೇಕು. ಶೆಡ್ಡಿಗೆ ಹೋಗಿ ಕರೆತರುವವರು ಬೇಕು, ಅಷ್ಟೆ.

ಶಿವಮೊಗ್ಗ ತಾಲ್ಲೂಕಿನ ಸದಾಶಿವಪುರದ ಹಕ್ಕಿಪಿಕ್ಕಿ ಸಮುದಾಯದವರ ಕಥೆ ಇನ್ನೂ ದೂರದ್ದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆಯ ಎಣ್ಣೆ ಮಾರಲು ಹೋದ ಇವರೂ ಇದ್ದರು. ಮನೆಯಲ್ಲಿ ವಾಗ್ರಿ ಭಾಷೆ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಲೋಕದ ಹತ್ತು ನುಡಿ. ಇಷ್ಟು ಭಾಷೆ ಬಲ್ಲ ಸಮುದಾಯದ ಮಗುವನ್ನು ಒಂದನೇ ತರಗತಿಯಲ್ಲಿ ‘ಮಾತು ಬಾರದ್ದು’ ಎಂದು ಬರೆದುಕೊಳ್ಳುವ ಶಿಕ್ಷಣಕ್ರಮದಲ್ಲೇ ಏನೋ ಕೊರತೆಯಿದೆ. ಎಂಟನೇ ತರಗತಿಗೆ ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬರುವ ಶಿವಮೊಗ್ಗ, ಭದ್ರಾವತಿಯ ಹುಡುಗಿಯರ ಕಷ್ಟವೂ ಇದರ ನಂಟೇ. ಮೊದಲ ಆರು ತಿಂಗಳು ಕೈಹಿಡಿದು ದಾಟಿಸಿದರೆ ಅವರು ಉಳಿಯುತ್ತಾರೆ.

ಭಾಷೆ ಎಂದ ಮೇಲೆ ಇಂಗ್ಲಿಷಿನ ಮಾತು ಬರಲೇಬೇಕು. ವ್ಯಾನು ಹತ್ತಿಸುವ ಅಪ್ಪ ಅಮ್ಮಂದಿರನ್ನು ಕೇಳಿದರೆ ಕಾರಣ ಒಂದೇ. 2014ರ ಮೇ 6ರಂದು ಸುಪ್ರೀಂ ಕೋರ್ಟು, ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. 2019-20ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಾಹಿತಿಗಳು ಬೇಸರಪಟ್ಟರು, ಪೋಷಕರು ಸಾಲು ನಿಂತರು. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರು ಬದುಕಿರುವ ತನಕ ಸಮಾನ ಶಾಲೆಗಾಗಿ ವಾದಿಸಿದರು. ಶ್ರೀಮಂತನ ಮಗುವೂ ಬಡವನ ಮಗುವೂ ನೆರೆಯ ಒಂದೇ ಶಾಲೆಯಲ್ಲಿ ಓದಬೇಕು ಎಂಬುದು ಅವರ ಮಾತು. 1966ರ ಕೊಠಾರಿ ಆಯೋಗದ ವರದಿಯೂ ಇದನ್ನೇ ಹೇಳಿತ್ತು. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದಕ್ಕೂ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಪೋಷಕರಿಗೆ ಮನಗಾಣಿಸುವ ಕೆಲಸವನ್ನು ಯಾರೂ ಮಾಡಲಿಲ್ಲ. ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮಾತಾಡಲು ಬರುವ ಟೀಚರೊಬ್ಬರನ್ನು ಕೊಟ್ಟಿದ್ದರೆ ಅರ್ಧ ವ್ಯಾನುಗಳು ಖಾಲಿ ಓಡುತ್ತಿದ್ದವೋ ಏನೋ.

ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಖಾಸಗಿ ಶಾಲೆಯ ಶೇ. 25 ಸೀಟು ಬಡಮಕ್ಕಳಿಗೆ ಎಂದಾಯಿತು. ವ್ಯಾನಿನಲ್ಲಿ ನಾಲ್ಕು ಸೀಟು ಇವರಿಗೂ ಸಿಕ್ಕ ಹಾಗೆ. 2019ರ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿತು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ. ತನ್ನ ಶಾಲೆಗೆ ಹೋಗಬೇಕಾದ ಮಗುವಿನ ಫೀಸನ್ನು ಸರ್ಕಾರವೇ ಖಾಸಗಿಯವರಿಗೆ ಕಟ್ಟುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಉಳಿದ ಹಣ ಪಕ್ಕದ ಸರ್ಕಾರಿ ಶಾಲೆಗೆ ಬಂದು ಬೀಳಬೇಕಿತ್ತಲ್ಲ?

ಈಗ ಊರೂರಿನಲ್ಲಿ ಕಾವೇರಿರುವ ಚರ್ಚೆ ಕರ್ನಾಟಕ ಪಬ್ಲಿಕ್ ಶಾಲೆಯದ್ದು. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಆವರಣ, ಲ್ಯಾಬು, ಆಟದ ಬಯಲು, ವಿಷಯಕ್ಕೊಬ್ಬ ಶಿಕ್ಷಕರು. 2023ರಲ್ಲಿ ಶಾಲಾ ಶಿಕ್ಷಣ ಖಾತೆ ವಹಿಸಿಕೊಂಡವರು ಇದೇ ಜಿಲ್ಲೆಯ ಸೊರಬದ ಮಧು ಬಂಗಾರಪ್ಪ, ಅಂದಿನಿಂದ ಈ ಶಾಲೆಗಳನ್ನು ಹೆಚ್ಚಿಸುವ ಮಾತು ಜೋರಾಗಿದೆ. ದೊಡ್ಡ ಶಾಲೆ ಬೇಡ ಎನ್ನುವವರಿಲ್ಲ. ಅದರ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ವಿಲೀನ ಮಾಡಿಬಿಡುತ್ತಾರೆ ಎಂಬುದು ಭಯ. ಫಿನ್‌ಲೆಂಡ್ ಎಲ್ಲರಿಗೂ ಒಂದೇ ಬಗೆಯ ಶಾಲೆ ತರಲು ಹೊರಟಾಗ 1972ರಲ್ಲಿ ಮೊದಲು ಕೈಹಾಕಿದ್ದು ಹಿಮದ ಮೂಲೆಯ ಲ್ಯಾಪ್‌ಲ್ಯಾಂಡಿಗೆ, ರಾಜಧಾನಿಯ ಸರದಿ ಬಂದದ್ದು ಕೊನೆಗೆ, 1977ರಲ್ಲಿ. ನಮ್ಮಲ್ಲಿ ಮೊದಲು ರಸ್ತೆಬದಿಯ ಶಾಲೆಗೆ ಭಾಗ್ಯ, ಕಾಡಂಚಿನದಕ್ಕೆ ಬೀಗ. ದೊಡ್ಡ ಶಾಲೆಗೆ ಮಕ್ಕಳನ್ನು ಒಯ್ಯುವ ವಾಹನ ದಿನಾ ಬರುತ್ತದೆ, ಆಗಸ್ಟಿನ ಮಳೆಯಲ್ಲೂ ಬರುತ್ತದೆ ಎಂದು ಒಂದು ವರ್ಷ ಪೂರ್ತಿ ನಡೆಸಿ ತೋರಿಸಿದ ಮೇಲೆಯೇ ಸಣ್ಣ ಶಾಲೆಯ ವಿಲೀನದ ಮಾತು ತೆಗೆಯಬೇಕು. ಅಲ್ಲಿಯ ತನಕ ಹತ್ತು ಮಕ್ಕಳಿದ್ದರೂ ಆ ಶಾಲೆ ಇರಲಿ.

ಕೋವಿಡ್ಡಿನ ವರ್ಷ ಇದೆಲ್ಲ ಬತ್ತಲಾಗಿ ಕಂಡಿತು. ವ್ಯಾನಿನ ಮಕ್ಕಳ ಕೈಯಲ್ಲಿ ಮೊಬೈಲು, ನಡೆದು ಬರುವವರ ಮನೆಯಲ್ಲಿ ಇದ್ದರೂ ಅದು ಅಪ್ಪನ ಜೇಬಿನಲ್ಲಿ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂದಾಗ ಮೇಷ್ಟರೇ ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ನಿಲ್ಲದೆ ತಲುಪಬಲ್ಲದ್ದು ರೇಡಿಯೊ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಮಲೆನಾಡಿನ ಅಡುಗೆಮನೆ, ಗದ್ದೆಯ ಬದುಗಳನ್ನು ಸಿಗ್ನಲ್ಲಿನ ಹಂಗಿಲ್ಲದೆ ತಲುಪಿದ ದನಿ. ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ಯಂಥ ಶಾಲಾ ಪಾಠಗಳನ್ನು ನಾಡಿನ ಮಕ್ಕಳು ಬಾನುಲಿಯಲ್ಲೇ ಕೇಳಿದ್ದರು. ಕಣ್ಣು ಕಾಣದ ಮಗುವಿಗಂತೂ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರ, ಭದ್ರಾವತಿಯ ತರಂಗ ಕಿವುಡು ಮಕ್ಕಳ ಶಾಲೆಗಳಂಥ ಸಂಸ್ಥೆಗಳು ಸರ್ಕಾರ ಮಾಡಬೇಕಾದ ಕೆಲಸದ ಒಂದು ಪಾಲನ್ನು ಹೊತ್ತಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆರರಿಂದ ಹದಿನೆಂಟು ವರ್ಷದ ತನಕ ಇಂಥ ಮಗು ನೆರೆಯ ಶಾಲೆಯನ್ನೋ ವಿಶೇಷ ಶಾಲೆಯನ್ನೋ ತಾನೇ ಆರಿಸಿಕೊಳ್ಳಲಿ ಎನ್ನುತ್ತದೆ. ನೆರೆಯ ಶಾಲೆಗೆ ಇಳಿಜಾರು ದಾರಿಯಿದ್ದರೆ ತಾನೇ ಆರಿಸಿಕೊಳ್ಳುವುದು!

ಇಷ್ಟೆಲ್ಲಕ್ಕೂ ಕೀಲಿಕೈ ಯಾರ ಬಳಿ ಇದೆ? ಸ್ವಲ್ಪ ಮಟ್ಟಿಗೆ ಕೇಳುಗರ ಬಳಿಯೇ ಇದೆ. ಪ್ರತಿ ಸರ್ಕಾರಿ ಶಾಲೆಗೂ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಜನ ಎಸ್‌ಡಿಎಂಸಿ ಎನ್ನುತ್ತಾರೆ. 2001ರಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯ ಮೇಲೆ ಹುಟ್ಟಿದ್ದು. ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂಬುದು ಕಾನೂನು. ಅನುದಾನ ಎಷ್ಟು ಬಂತು, ಖಾಲಿ ಹುದ್ದೆ ಎಷ್ಟು, ಹಾಲಿನ ಪುಡಿ ಎಷ್ಟು ಚೀಲ ಇಳಿಯಿತು, ಇವನ್ನೆಲ್ಲ ಕೇಳುವ ಅಧಿಕಾರ ಆ ಸಮಿತಿಗೆ ಇದೆ. ಎಷ್ಟೋ ಕಡೆ ಸಭೆ ನಡೆಯುವುದು ರಿಜಿಸ್ಟರಿನಲ್ಲಿ, ಸಹಿ ಆಗುವುದು ಅಂಗಡಿಯ ಕಟ್ಟೆಯ ಮೇಲೆ. ಈ ಜೂನಿನಲ್ಲಿ ಮಗುವನ್ನು ಬಿಟ್ಟು ಬರಲು ಹೋದಾಗ ಗೇಟಿನಿಂದಲೇ ಮರಳಬೇಡಿ. ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಸಮಿತಿಯ ನಡಾವಳಿ ಪುಸ್ತಕ ತೋರಿಸಿ ಎಂದು ಕೇಳಿ, ಮುಂದಿನ ಸಭೆಯ ತಾರೀಖು ಬರೆದುಕೊಳ್ಳಿ.